ಕಾರಿಗೆ ಸಲಾಂ, ಪಂಚೆಗೆ ಗೇಟ್ ಬಂದ್



ಭಾನುವಾರ ಬೆಳಗ್ಗೆ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಅಥವಾ ಯುಬಿ ಸಿಟಿ ಸುತ್ತಮುತ್ತ ನೀವು ಓಡಾಡಿದ್ದರೆ ಈ ಶಬ್ದ ನಿಮಗೆ ಗೊತ್ತಿರುತ್ತೆ. ಮೊದಲು ಕಿವಿಗೆ ಬೀಳುತ್ತೆ, ಆಮೇಲೆ ಕಣ್ಣಿಗೆ. ಹಳದಿಯೋ ಕೆಂಪೋ ಬಣ್ಣ. ನೆಲಕ್ಕೆ ಅಂಟಿಕೊಂಡ ಹಾಗೆ ಮೈ. ಎರಡೇ ಸೀಟು. ಫೆರಾರಿ, ಲ್ಯಾಂಬೋರ್ಗಿನಿ, ಪೋರ್ಷೆ, ಮೆಕ್‌ಲಾರೆನ್. ಅಂಥದ್ದೊಂದು ಕಾರು ಸಿಗ್ನಲ್‌ನಲ್ಲಿ ಬಂದು ನಿಂತರೆ ಸಾಕು, ಅಕ್ಕಪಕ್ಕದವರ ಕಣ್ಣು ಸಿಗ್ನಲ್ ಮೇಲೆ ಇರಲ್ಲ.

ಇವತ್ತು ನಾನು ಆ ಕಾರಿನ ಬಗ್ಗೆ ಮಾತಾಡಲ್ಲ. ಅದರ ವೇಗ ಎಷ್ಟು, ಎಂಜಿನ್ ಎಷ್ಟು ದೊಡ್ಡದು ಅಂತ ಹೇಳೋಕೆ ಬೇರೆ ಕಾರ್ಯಕ್ರಮಗಳಿವೆ. ಆ ಕಾರಿನ ಪಕ್ಕದಲ್ಲಿ ನಿಂತಿರ್ತೀವಲ್ಲ ನಾವು, ನಮ್ಮ ಬಗ್ಗೆ ಮಾತಾಡ್ತೀನಿ. ಒಬ್ಬ ಅಪರಿಚಿತ, ದುಬಾರಿ ಕಾರಿನಲ್ಲಿ ಕೂತಿದ್ದಾನೆ ಅನ್ನೋ ಒಂದೇ ಕಾರಣಕ್ಕೆ ನಾವು ಅವನ ಜೊತೆ ಹೇಗೆ ನಡ್ಕೋತೀವಿ? ಯಾಕೆ ಹಾಗೆ ನಡ್ಕೋತೀವಿ? ಅದರಿಂದ ಯಾರಿಗೆ ಏನಾಗುತ್ತೆ? ಇದು ಮೇಲ್ನೋಟಕ್ಕೆ ತಮಾಷೆ ವಿಷಯ. ಒಳಗೆ ಹೋದರೆ ತಮಾಷೆ ಅಲ್ಲ.

ಮೊದಲು ಸಿಗ್ನಲ್ ನೋಡೋಣ. ಕಾರು ನಿಂತಿದೆ. ಪಕ್ಕದ ಆಟೋ ಚಾಲಕ ತಲೆ ಹೊರಗೆ ಹಾಕ್ತಾನೆ. ಡೆಲಿವರಿ ಹುಡುಗ ಮೊಬೈಲ್ ತೆಗೀತಾನೆ. ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಹತ್ತು ಮುಖ ಇಣುಕ್ತವೆ. ಗಾಜು ಇಳಿದರೆ ಮೊದಲ ಪ್ರಶ್ನೆ, 'ಎಷ್ಟು ಸಾರ್ ಇದು?' ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ, 'ಮೈಲೇಜ್ ಎಷ್ಟು ಕೊಡುತ್ತೆ?' ನಾಲ್ಕು ಕೋಟಿ ಕೊಟ್ಟು ಕಾರು ತಗೊಂಡವನಿಗೆ ಲೀಟರ್ ಪೆಟ್ರೋಲಿನ ಚಿಂತೆ ಇರುತ್ತೆ ಅಂತ ನಂಬೋ ದೇಶ ನಮ್ಮದು. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಅದು ನಮ್ಮ ಮನೆಯ ಲೆಕ್ಕ. ನಮ್ಮ ಲೆಕ್ಕದಿಂದಲೇ ನಾವು ಪ್ರಪಂಚವನ್ನ ಅಳೀತೀವಿ.

ಇನ್ನೊಂದು ದೃಶ್ಯವೂ ಇದೆ. ನಮ್ಮ ರಸ್ತೆ ಉಬ್ಬುಗಳು ನಿಮಗೆ ಗೊತ್ತು. ಈ ಕಾರುಗಳ ಹೊಟ್ಟೆಗೂ ನೆಲಕ್ಕೂ ಒಂದು ಗೇಣು ಜಾಗ ಕೂಡ ಇರಲ್ಲ. ಕಾರು ಉಬ್ಬಿನ ಮುಂದೆ ಬಂದು ನಿಲ್ಲುತ್ತೆ. ಆಗ ನೋಡಿ, ಎಲ್ಲಿಂದಲೋ ನಾಲ್ಕು ಜನ ಬರ್ತಾರೆ. ಟೀ ಅಂಗಡಿಯವರು, ಹೂ ಮಾರೋರು, ಸುಮ್ಮನೆ ನಿಂತಿದ್ದವರು. ಒಬ್ಬ ಬಗ್ಗಿ ಕೆಳಗೆ ನೋಡ್ತಾನೆ. 'ಬಿಡಿ ಸಾರ್ ಬಿಡಿ, ಇನ್ನೂ ಸ್ವಲ್ಪ ಲೆಫ್ಟು, ಅಡ್ಡ ತಗೊಳಿ, ಆಯ್ತು ಬನ್ನಿ.' ಕಾರು ದಾಟಿದ ಮೇಲೆ ಆ ನಾಲ್ಕು ಜನರ ಮುಖದಲ್ಲಿ ನಗು. ಅವರಿಗೆ ಅದರಲ್ಲಿ ಒಂದು ರೂಪಾಯಿ ಲಾಭ ಇಲ್ಲ. ಆ ಕಾರಿನಲ್ಲಿ ಅವರು ಯಾವತ್ತೂ ಕೂರೋದೂ ಇಲ್ಲ. ಆದರೂ ಖುಷಿ. ಇದು ನಮ್ಮ ಜನರ ದೊಡ್ಡ ಗುಣ ಅಂತ ನಾನು ಹೇಳ್ತೀನಿ.

ಆದರೆ ಅದೇ ಕಾರು ಮುಂದೆ ಹೋಗಿ, ತಿರುವಿನಲ್ಲಿ ಮರೆಯಾದ ಮೇಲೆ ಏನು ಮಾತು ಬರುತ್ತೆ? 'ಯಾವ ಎಂಎಲ್‌ಎ ಮಗನೋ ಏನೋ.' 'ಅಪ್ಪನ ದುಡ್ಡು ಬಿಡು ಗುರು.' 'ಸೈಟು ಹೊಡೆದು ಮಾಡಿರೋದು.' ಈ ಮೂರು ಬಿಟ್ಟು ನಾಲ್ಕನೇ ಮಾತು ಬರೋದು ಕಡಿಮೆ. 'ಪಾಪ, ಎಷ್ಟು ದುಡಿದಿದ್ದಾನೋ' ಅಂತ ಯಾರೂ ಹೇಳಲ್ಲ. ಎದುರಿಗಿದ್ದಾಗ ಬೆರಗು, ಬೆನ್ನು ತಿರುಗಿಸಿದಾಗ ಅನುಮಾನ.

ಈ ಅನುಮಾನ ಪೂರ್ತಿ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಇನ್ನೊಂದು ವಿಷಯ ಹೇಳಬೇಕು. ದುಬಾರಿ ಕಾರನ್ನ ನೋಡಿ ನಮ್ಮ ದೇಶ ಮನಸಾರೆ ಚಪ್ಪಾಳೆ ತಟ್ಟಿದ್ದೂ ಇದೆ.

1985ರ ಮಾರ್ಚ್. ಆಸ್ಟ್ರೇಲಿಯಾದ ಮೆಲ್ಬರ್ನ್ ಮೈದಾನ. ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನ ಸೋಲಿಸಿತ್ತು. ರವಿ ಶಾಸ್ತ್ರಿ ಚಾಂಪಿಯನ್ ಆಫ್ ಚಾಂಪಿಯನ್ಸ್. ಬಹುಮಾನ ಆಡಿ 100 ಕಾರು. ಶಾಸ್ತ್ರಿ ಸ್ಟೇರಿಂಗ್ ಹಿಡಿದರು, ಇಡೀ ತಂಡ ಕಾರಿನ ಮೇಲೆ ಹತ್ತಿ ಕೂತಿತು, ಮೈದಾನಕ್ಕೆ ಒಂದು ಸುತ್ತು. ಅವತ್ತು ಟಿವಿ ಮುಂದೆ ಕೂತವರಲ್ಲಿ ಹೆಚ್ಚಿನವರ ಮನೆಯಲ್ಲಿ ಸ್ಕೂಟರ್ ಕೂಡ ಇರಲಿಲ್ಲ. ಆದರೂ ಆ ಕಾರು ತಮ್ಮದೇ ಅನ್ನೋ ಹಾಗೆ ಕುಣಿದರು. ಯಾಕೆ? ಆ ಕಾರು ಹೇಗೆ ಬಂತು ಅನ್ನೋದನ್ನ ಅವರು ಕಣ್ಣಾರೆ ನೋಡಿದ್ದರು.

ಈಗ ಇನ್ನೊಂದು ಕಾರಿಗೆ ಬನ್ನಿ. 2002ರಲ್ಲಿ ಸಚಿನ್ ತೆಂಡೂಲ್ಕರ್ ಟೆಸ್ಟ್‌ನಲ್ಲಿ 29ನೇ ಶತಕ ಹೊಡೆದು ಬ್ರಾಡ್‌ಮನ್ ಸಾಲಿಗೆ ಬಂದರು. ಫಿಯಟ್ ಕಂಪನಿ ಫೆರಾರಿ 360 ಮೊಡೆನಾ ಉಡುಗೊರೆ ಕೊಟ್ಟಿತು. ಕೊಟ್ಟಿದ್ದು ಮೈಕೆಲ್ ಶುಮಾಕರ್ ಕೈಯಿಂದ. ದೇಶಕ್ಕೆ ದೇಶವೇ ಹೆಮ್ಮೆ ಪಟ್ಟಿತು. ಮರುವರ್ಷ ಗೊತ್ತಾಯ್ತು, ಆ ಕಾರಿಗೆ ಕಟ್ಟಬೇಕಿದ್ದ 1.13 ಕೋಟಿ ರೂಪಾಯಿ ಆಮದು ಸುಂಕಕ್ಕೆ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ ಅಂತ. ಅಷ್ಟೇ, ಅದೇ ಜನ ಕೇಳೋಕೆ ಶುರು ಮಾಡಿದರು. ಕೋಟ್ಯಧಿಪತಿಗೆ ಯಾಕೆ ರಿಯಾಯಿತಿ? ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಕೊನೆಗೆ ಸುಂಕ ಕಟ್ಟಿದ್ದು ಫಿಯಟ್ ಕಂಪನಿ.

ಗಮನಿಸಿ. ಅದೇ ಸಚಿನ್, ಅದೇ ಅಭಿಮಾನಿಗಳು. ಕಾರು ಬಂದಾಗ ಯಾರಿಗೂ ಹೊಟ್ಟೆಕಿಚ್ಚು ಇರಲಿಲ್ಲ. ಸುಂಕ ತಪ್ಪಿತು ಅಂದಾಗ ಸಿಟ್ಟು ಬಂತು. ಅಂದರೆ ನಮ್ಮ ಜನರ ತಕರಾರು ಕಾರಿನ ಮೇಲಿಲ್ಲ. ತಮಗೊಂದು ನಿಯಮ, ಅವರಿಗೊಂದು ನಿಯಮ ಅಂತಾದಾಗ ತಕರಾರು.

ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ರಮೇಶ್ ಬಾಬು. ಕ್ಷೌರಿಕ ವೃತ್ತಿಯವರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನ ಕಳ್ಕೊಂಡು, ಮನೆಮನೆಗೆ ಪೇಪರ್ ಹಾಕಿ, ತಂದೆಯ ಸಲೂನ್ ಮುಂದುವರಿಸಿದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಾಲ ಮಾಡಿ ಒಂದು ಮಾರುತಿ ಓಮ್ನಿ ತಗೊಂಡರು, ಅದನ್ನ ಬಾಡಿಗೆಗೆ ಬಿಟ್ಟರು. ಅಲ್ಲಿಂದ ಬೆಳೆದು 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ತಂದರು. ತಂದ ಮೇಲೂ ಕತ್ತರಿ ಕೆಳಗಿಡಲಿಲ್ಲ. ರೋಲ್ಸ್ ರಾಯ್ಸ್‌ನಲ್ಲಿ ಸಲೂನ್‌ಗೆ ಬಂದು ತಲೆಗೂದಲು ಕತ್ತರಿಸ್ತಿದ್ದರು. ಈಗ ಹೇಳಿ, ಸಿಗ್ನಲ್‌ನಲ್ಲಿ ಆ ಕಾರಿನ ಪಕ್ಕ ನಿಂತವನು 'ಅಪ್ಪನ ದುಡ್ಡು' ಅಂದರೆ ಎಷ್ಟು ದೊಡ್ಡ ತಪ್ಪು! ಅಪ್ಪ ಬಿಟ್ಟು ಹೋಗಿದ್ದು ಒಂದು ಸಲೂನ್. ಆದರೆ ಸಿಗ್ನಲ್‌ನಲ್ಲಿ ಇದ್ಯಾವುದೂ ಕಾಣಲ್ಲ. ಕಾಣೋದು ಬಾನೆಟ್ ಮೇಲಿನ ಲಾಂಛನ ಮಾತ್ರ.

ಸರಿ, ಬಾಯಿ ಮಾತಿನಲ್ಲಿ ನಾವು ಅನುಮಾನ ಪಡ್ತೀವಿ, ಬೈತೀವಿ. ಆದರೆ ನಡವಳಿಕೆಯಲ್ಲಿ? ಇಲ್ಲೇ ಸ್ವಾರಸ್ಯ ಇರೋದು.

1968ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಡೂಬ್ ಮತ್ತು ಗ್ರಾಸ್, ಒಂದು ಪ್ರಯೋಗ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಮತ್ತು ಮೆನ್ಲೋ ಪಾರ್ಕ್ ಊರುಗಳ ಸಿಗ್ನಲ್‌ಗಳಲ್ಲಿ ಕಾರು ನಿಲ್ಲಿಸೋದು. ಹಸಿರು ದೀಪ ಬಿದ್ದರೂ ಕದಲದೆ ಇರೋದು. ಹಿಂದಿನವನು ಯಾವಾಗ ಹಾರ್ನ್ ಹೊಡೀತಾನೆ ಅಂತ ನೋಡೋದು. ಒಮ್ಮೆ ಹೊಳೆಯುವ ಐಷಾರಾಮಿ ಕಾರು, ಒಮ್ಮೆ ತುಕ್ಕು ಹಿಡಿದ ಹಳೇ ಕಾರು. ಏನಾಯ್ತು ಗೊತ್ತಾ? ಹಳೇ ಕಾರು ಅಡ್ಡ ನಿಂತಾಗ 100ಕ್ಕೆ 84 ಜನ ಹಾರ್ನ್ ಹೊಡೆದರು. ಐಷಾರಾಮಿ ಕಾರು ನಿಂತಾಗ 50 ಜನ ಮಾತ್ರ. ಇಬ್ಬರಂತೂ ಹಳೇ ಕಾರಿನ ಹಿಂದಿನ ಬಂಪರ್‌ಗೆ ಗುದ್ದಿಯೇ ಬಿಟ್ಟರು. ಐಷಾರಾಮಿ ಕಾರಿಗೆ ಯಾರೂ ಗುದ್ದಲಿಲ್ಲ.

ಇನ್ನೂ ಒಂದು ತಮಾಷೆ ಇದೆ ಅದರಲ್ಲಿ. ಬೇರೆ ಒಂದಿಷ್ಟು ವಿದ್ಯಾರ್ಥಿಗಳನ್ನ ಕೂರಿಸಿ, 'ನೀವಾಗಿದ್ದರೆ ಯಾವ ಕಾರಿಗೆ ಬೇಗ ಹಾರ್ನ್ ಹೊಡೀತೀರಿ?' ಅಂತ ಕೇಳಿದರು. ಹುಡುಗರು ಹೇಳಿದ್ದು, 'ದೊಡ್ಡ ಕಾರಿಗೆ!' ಕಾಗದದ ಮೇಲೆ ವೀರರು. ರಸ್ತೆಯಲ್ಲಿ ಹಾರ್ನ್ ಮೇಲೆ ಕೈ ಹೋಗಲ್ಲ.

ಅದು ಅಮೆರಿಕ, ಅದೂ ಅರ್ಧ ಶತಮಾನಕ್ಕಿಂತ ಹಿಂದಿನ ಮಾತು ಅಂತೀರಾ? ನಾಳೆ ಬೆಳಗ್ಗೆ ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ನೀವೇ ನೋಡಿ. ಗೂಡ್ಸ್ ಆಟೋ ಅರ್ಧ ನಿಮಿಷ ಅಡ್ಡ ನಿಂತರೆ ಏನೇನು ಬೈಗುಳ ಬರುತ್ತೆ, ಕೋಟಿ ರೂಪಾಯಿ ಕಾರು ಅಡ್ಡ ನಿಂತರೆ ಹೇಗೆ ಎಲ್ಲರೂ ಪಕ್ಕದಿಂದ ನುಣುಚಿಕೊಂಡು ಹೋಗ್ತಾರೆ ಅಂತ. ಒಂದು ಕಾರಣ ಬೆರಗು. ಇನ್ನೊಂದು ಕಾರಣ ಭಯ. 'ತಾಗಿದರೆ ಗತಿ ಏನು? ನನ್ನ ಎರಡು ವರ್ಷದ ಸಂಬಳ ಕೊಟ್ಟರೂ ಆ ಬಂಪರ್ ಬರಲ್ಲ.' ಬೈಕ್‌ನವನ ತಲೆಯಲ್ಲಿ ಓಡೋದು ಇದೇ. ಮುಖ ನೋಡಿ ಮಣೆ ಹಾಕ್ತಾರೆ ಅಂತ ನಮ್ಮ ಹಿರಿಯರು ಹೇಳ್ತಿದ್ದರು. ಈಗ ಬಂಪರ್ ನೋಡಿ ಮಣೆ ಹಾಕೋ ಕಾಲ.

ಇರಲಿ, ದಾರಿ ಬಿಟ್ಟರೆ ಬಿಟ್ಟರು, ಅದರಿಂದ ನಷ್ಟ ಏನು ಅಂತ ನೀವು ಕೇಳಬಹುದು. ನಷ್ಟ ಇದೆ. ದಿನಾ ದಾರಿ ಬಿಡಿಸಿಕೊಂಡವನು ಒಂದು ದಿನ ದಾರಿ ಬಿಡೋದನ್ನೇ ಮರೀತಾನೆ. 2012ರಲ್ಲಿ ಅದೇ ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಪಿಫ್ ಅನ್ನೋ ಸಂಶೋಧಕ ಮತ್ತು ಅವರ ತಂಡ, ಪಾದಚಾರಿಗಳು ರಸ್ತೆ ದಾಟುವ ಜಾಗದಲ್ಲಿ ನಿಂತು ಎಣಿಸಿದರು. ಅತಿ ಅಗ್ಗದ ದರ್ಜೆಯ ಕಾರಿನವರೆಲ್ಲ ನಿಲ್ಲಿಸಿ ದಾರಿ ಬಿಟ್ಟರು. ಅತಿ ದುಬಾರಿ ದರ್ಜೆಯ ಕಾರಿನವರಲ್ಲಿ ಸುಮಾರು ಅರ್ಧದಷ್ಟು ಜನ ನಿಲ್ಲಿಸಲಿಲ್ಲ. ಇದು ಸಣ್ಣ ಪ್ರಯೋಗ. ಇದನ್ನ ಹಿಡ್ಕೊಂಡು ದುಡ್ಡಿದ್ದವರೆಲ್ಲ ಹೀಗೇ ಅಂತ ತೀರ್ಪು ಕೊಡೋದು ತಪ್ಪಾಗುತ್ತೆ. ಆದರೆ ಯೋಚನೆ ಮಾಡೋಕೆ ಇಷ್ಟು ಸಾಕು.

ಯಾಕೆ ಅಂದರೆ, ಅದರ ಅತಿ ಕೆಟ್ಟ ರೂಪವನ್ನ ನಾವು ನೋಡಿದ್ದೀವಿ. 2024ರ ಮೇ 19. ಪುಣೆಯ ಕಲ್ಯಾಣಿನಗರ. ನಡುರಾತ್ರಿ ದಾಟಿತ್ತು. ಪೋರ್ಷೆ ಕಾರು ಬೈಕ್‌ಗೆ ಗುದ್ದಿತು. ಇಬ್ಬರು ಎಂಜಿನಿಯರ್‌ಗಳು, ಒಬ್ಬ ಹುಡುಗ, ಒಬ್ಬ ಹುಡುಗಿ, ಅಲ್ಲೇ ಪ್ರಾಣ ಬಿಟ್ಟರು. ಕಾರು ಓಡಿಸ್ತಿದ್ದ ಆರೋಪ ಇದ್ದಿದ್ದು 17 ವರ್ಷದ ಹುಡುಗನ ಮೇಲೆ. ಆ ಕಾರಿಗೆ ನಂಬರ್ ಪ್ಲೇಟ್ ಇರಲಿಲ್ಲ. ಬೆಂಗಳೂರಿನ ಡೀಲರ್ ಮೂಲಕ ಬಂದ ಕಾರು, ಇಲ್ಲಿನ ತಾತ್ಕಾಲಿಕ ನೋಂದಣಿ. ಮಹಾರಾಷ್ಟ್ರದಲ್ಲಿ ಕಾಯಂ ನೋಂದಣಿಗೆ ಬಾಕಿ ಇದ್ದ ಶುಲ್ಕ ಎಷ್ಟು ಗೊತ್ತಾ? 1,758 ರೂಪಾಯಿ. ಕೋಟಿ ಬೆಲೆಯ ಕಾರು, ಕಟ್ಟದೆ ಬಿಟ್ಟಿದ್ದು 1,758 ರೂಪಾಯಿ!

ಅವತ್ತು ಅಪರಿಚಿತರ ಪ್ರತಿಕ್ರಿಯೆ ಎರಡು ಥರ ಇತ್ತು. ರಸ್ತೆಯಲ್ಲಿದ್ದ ಜನ ಆ ಹುಡುಗನನ್ನ ಹಿಡಿದು ಹೊಡೆದರು. ಹದಿನೈದು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯಿಂದ ಜಾಮೀನು ಸಿಕ್ಕಿತು. ಷರತ್ತುಗಳಲ್ಲಿ ಒಂದು, 300 ಪದದ ಪ್ರಬಂಧ ಬರೀಬೇಕು. ದೇಶವೇ ಸಿಡಿದೆದ್ದ ಮೇಲೆ ಆ ಆದೇಶ ಬದಲಾಯ್ತು. ಆಮೇಲೆ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಂಧನವೂ ಆಯ್ತು. ಆರೋಪ ಸಾಬೀತಾಗೋದು ಬಿಡೋದು ಕೋರ್ಟಿಗೆ ಬಿಟ್ಟ ವಿಷಯ. ನಾನು ಕೇಳೋದು ಬೇರೆ. ರಸ್ತೆಯಲ್ಲಿ ಜನ ಯಾಕೆ ಕೈ ಎತ್ತಿದರು? ಆಫೀಸಿನಲ್ಲಿ ನ್ಯಾಯ ಸಿಗಲ್ಲ ಅನ್ನೋ ಅನುಮಾನ ಅವರಿಗಿತ್ತು. ಹೊಡೆದಿದ್ದು ಸರಿ ಅಲ್ಲ, ಯಾವತ್ತಿಗೂ ಸರಿ ಅಲ್ಲ. ಆದರೆ ಕಾರಿಗೆ ಸಲಾಂ ಹೊಡೆಯೋ ವ್ಯವಸ್ಥೆ ಇರೋ ಕಡೆ, ಕಾರಿಗೆ ಕಲ್ಲು ಹೊಡೆಯೋ ಜನ ಹುಟ್ಟಿಯೇ ಹುಟ್ತಾರೆ. ಇವೆರಡೂ ಒಂದೇ ಬಳ್ಳಿಯ ಕಾಯಿ.

ಹಾಗಾದರೆ ನಮ್ಮಲ್ಲಿ? ಅನುಮಾನ ಪೂರ್ತಿ ತಪ್ಪಲ್ಲ ಅಂತ ಆಗಲೇ ಹೇಳಿದೆನಲ್ಲ, ಅದಕ್ಕೆ ಬರ್ತೀನಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆಯ ಶೇಕಡಾ 18ರಷ್ಟು ಜೀವಾವಧಿ ತೆರಿಗೆ. ಅದರ ಮೇಲೆ ಸೆಸ್. ಐದು ಕೋಟಿಯ ಕಾರಿಗೆ ತೆರಿಗೆಯೇ 90 ಲಕ್ಷ ಆಯ್ತು. ಹೆಚ್ಚು ಅನ್ನೋದು ನಿಜ. ಹಾಗಾಗಿ ಕೆಲವರು ಏನು ಮಾಡ್ತಾರೆ, ತೆರಿಗೆ ಕಡಿಮೆ ಇರೋ ಕಡೆ, ಪುದುಚೇರಿಯಲ್ಲೋ ಇನ್ನೆಲ್ಲೋ ನೋಂದಣಿ ಮಾಡಿಸ್ತಾರೆ. ಕಾರು ಓಡೋದು ಇಲ್ಲಿ, ಕೆಡೋದು ಇಲ್ಲಿನ ರಸ್ತೆ, ನಂಬರ್ ಮಾತ್ರ ಬೇರೆ ಊರಿನದು. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಕೊಂಡರೆ ಇಲ್ಲಿನ ನಂಬರ್ ತಗೋಬೇಕು ಅನ್ನೋದು ಕಾನೂನು.

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ ಸುಮಾರು 30 ಐಷಾರಾಮಿ ಕಾರು ಹಿಡಿದರು. ಫೆರಾರಿ, ಪೋರ್ಷೆ ಎಲ್ಲ ಇದ್ದವು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಕೆಂಪು ಫೆರಾರಿಗೆ ನೋಟಿಸ್ ಹೋಯ್ತು. ದಂಡ ಸೇರಿಸಿ ಸುಮಾರು 1.42 ಕೋಟಿ ರೂಪಾಯಿ ಒಂದೇ ದಿನದಲ್ಲಿ ಕಟ್ಟಿದರು. ಒಂದು ಕಾರು, ಒಂದು ಕೋಟಿ 42 ಲಕ್ಷ! ಕಟ್ಟೋ ಶಕ್ತಿ ಇತ್ತು ಅಂತಾಯ್ತಲ್ಲ. ಹಾಗಾದರೆ ಅಲ್ಲಿಯವರೆಗೆ ಆ ಕಾರು ಎಷ್ಟು ಸಿಗ್ನಲ್ ದಾಟಿರಬಹುದು? ಎಷ್ಟು ಜನ ಮೊಬೈಲ್‌ನಲ್ಲಿ ಹಿಡಿದಿರಬಹುದು? ಆ ಫೋಟೊಗಳಲ್ಲೆಲ್ಲ ನಂಬರ್ ಪ್ಲೇಟ್ ಇತ್ತು. ನಾವೆಲ್ಲ ನೋಡಿದ್ದು ಕೆಂಪು ಬಣ್ಣ. ಹೆಲ್ಮೆಟ್ ಇಲ್ಲ ಅಂತ 500 ರೂಪಾಯಿ ದಂಡಕ್ಕೆ ಸ್ಕೂಟರ್‌ನವನನ್ನ ಅಡ್ಡಗಟ್ಟೋ ಕೈಗಳು, ಕೆಂಪು ಫೆರಾರಿ ಬಂದಾಗಲೂ ಅಷ್ಟೇ ಬೇಗ ಮೇಲೆ ಏಳಬೇಕು. ಕೊನೆಗೂ ಎದ್ದವು, ಅದಕ್ಕೆ ಆ ಅಧಿಕಾರಿಗಳನ್ನ ಮೆಚ್ಚಲೇಬೇಕು.

ಈಗ ನಾಣ್ಯ ತಿರುಗಿಸಿ ನೋಡಿ. ಕಾರಿಲ್ಲದವನನ್ನ ನಾವು ಹೇಗೆ ನೋಡ್ತೀವಿ?

2022ರ ಜನವರಿ, ತುಮಕೂರು. ಒಬ್ಬ ರೈತ ಪಿಕಪ್ ಗಾಡಿ ತಗೋಳೋಕೆ ಶೋರೂಂಗೆ ಹೋದ. ಬಟ್ಟೆ ನೋಡಿ ಅಲ್ಲಿನ ಸಿಬ್ಬಂದಿ, ಜೇಬಲ್ಲಿ ಹತ್ತು ರೂಪಾಯಿ ಇರಲ್ಲ ಅನ್ನೋ ಅರ್ಥದಲ್ಲಿ ಹಂಗಿಸಿದರು ಅಂತ ಆತ ದೂರಿದ. ಆ ಮನುಷ್ಯ ಹಟಕ್ಕೆ ಬಿದ್ದು, ಸ್ನೇಹಿತರನ್ನ ಕೂಡಿಸಿ, ಹತ್ತು ಲಕ್ಷ ತಂದು ಮುಂದಿಟ್ಟ! ಆಮೇಲೆ ಕ್ಷಮೆ ಕೇಳಿದರು ಅನ್ನಿ.

2024ರ ಫೆಬ್ರವರಿ, ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣ. ಕೈಯಲ್ಲಿ ಟಿಕೆಟ್ ಇತ್ತು, ತಲೆ ಮೇಲೆ ಗಂಟಿತ್ತು, ಬಟ್ಟೆ ಕೊಳಕಾಗಿದೆ ಅಂತ ರೈತನನ್ನ ಒಳಗೆ ಬಿಡಲಿಲ್ಲ. ಅಲ್ಲಿದ್ದ ಸಹಪ್ರಯಾಣಿಕರು ಜಗಳ ತೆಗೆದು, ಅವನನ್ನ ಒಳಗೆ ಕರ್ಕೊಂಡು ಹೋದರು. ಅದೇ ವರ್ಷ ಜುಲೈ, ಮಾಗಡಿ ರಸ್ತೆಯ ಮಾಲ್. ಹಾವೇರಿ ಕಡೆಯ ಹಿರಿಯ ರೈತ, ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಗಲಾಟೆ ಆಗಿ, ಸರ್ಕಾರ ಆ ಮಾಲ್ ಅನ್ನ ಏಳು ದಿನ ಮುಚ್ಚಿಸಿತು.

ಒಂದು ಮಾತು ಹೇಳಿ. ಅದೇ ಹಿರಿಯರು ಅದೇ ಪಂಚೆ ಉಟ್ಕೊಂಡು ಲ್ಯಾಂಬೋರ್ಗಿನಿಯಿಂದ ಇಳಿದಿದ್ದರೆ? ಗೇಟ್ ತಾನಾಗೇ ತೆರೀತಿತ್ತು. 'ಬನ್ನಿ ಯಜಮಾನ್ರೇ' ಅಂತಿದ್ದರು. ಪಂಚೆ ನಮ್ಮ ಸಂಸ್ಕೃತಿ ಅಂತ ಯಾರೋ ಭಾಷಣವನ್ನೂ ಮಾಡ್ತಿದ್ದರು! ಬಟ್ಟೆ ಅದೇ, ಮನುಷ್ಯ ಅವನೇ. ಬದಲಾಗಿದ್ದು ಅವನು ಯಾವುದರಿಂದ ಇಳಿದ ಅನ್ನೋದು ಮಾತ್ರ.

ನನ್ನ ಸಂಕಟ ಇರೋದು ಇಲ್ಲೇ ವೀಕ್ಷಕರೇ. ಕಾರು ನೋಡಿ ಖುಷಿ ಪಡಿ, ತಪ್ಪೇನಿಲ್ಲ. ಮನುಷ್ಯ ಮಾಡಿದ ಒಳ್ಳೆ ಯಂತ್ರ ಅದು. ಜಾತ್ರೆಯಲ್ಲಿ ತೇರು ನೋಡಿದ ಹಾಗೆ ನೋಡಿ. ಆದರೆ ತೇರು ನೋಡಿ ಕೈ ಮುಗಿಯೋದು ಒಳಗಿರೋ ದೇವರಿಗೆ. ಕಾರಿನ ಒಳಗಿರೋನು ನಮ್ಮ ಹಾಗೇ ಮನುಷ್ಯ. ಅವನಿಗೆ ಪೂಜೆಯೂ ಬೇಡ, ಕಲ್ಲೂ ಬೇಡ.

ಕಾರಿನವರಿಗೂ ಒಂದು ಮಾತು ಹೇಳಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡೀತಾನಂತೆ. ಈಗಿನವರು ಅರ್ಧರಾತ್ರಿಯಲ್ಲಿ ಸೈಲೆನ್ಸರ್ ಬದಲಾಯಿಸಿಕೊಂಡು ಆಸ್ಪತ್ರೆ ಮುಂದೆ ಓಡಿಸ್ತಾರೆ. ದುಡ್ಡು ನಿಮ್ಮದು, ಕಾರು ನಿಮ್ಮದು, ರಸ್ತೆ ಮಾತ್ರ ನಿಮ್ಮದಲ್ಲ. ಮಗನಿಗೆ 18 ತುಂಬೋ ಮೊದಲು ಕೀ ಕೊಟ್ಟು ಅಪಘಾತವೋ ಅಪರಾಧವೋ ಆದರೆ, 2019ರ ತಿದ್ದುಪಡಿ ಪ್ರಕಾರ ತಂದೆ ತಾಯಿಗೇ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ. ತೆರಿಗೆ ಕಟ್ಟಿ, ನಿಯಮ ಪಾಲಿಸಿ, ಗಾಜು ಇಳಿಸಿ ಆ ಡೆಲಿವರಿ ಹುಡುಗನಿಗೆ ಒಂದು ನಗು ಕೊಡಿ. ನಿಮ್ಮ ಬಗ್ಗೆ ಇರೋ ಅರ್ಧ ಅನುಮಾನ ಅಲ್ಲೇ ಕರಗುತ್ತೆ.

ಹುಡುಗರೇ, ನಿಮಗೂ. ಆ ಕಾರಿನ ವಿಡಿಯೊ ಮಾಡೋಕೆ ಒಂದು ಕೈಯಲ್ಲಿ ಮೊಬೈಲ್, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಬೆನ್ನು ಹತ್ತಬೇಡಿ. ಅವನ ಸುತ್ತ ಕಬ್ಬಿಣ ಇದೆ, ಏರ್‌ಬ್ಯಾಗ್ ಇದೆ. ನಿಮ್ಮ ಸುತ್ತ ಇರೋದು ಗಾಳಿ. ಮನೆಯಲ್ಲಿ ಅಮ್ಮ ಕಾಯ್ತಿರ್ತಾಳೆ.

ಕೊನೆಯದಾಗಿ ಒಂದು ನೆನಪು. ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್. ಅವರ ಮನೆಯಲ್ಲೂ ದುಬಾರಿ ಕಾರುಗಳಿದ್ದವು. 2021ರ ಅಕ್ಟೋಬರ್ 29ರಂದು ಅವರು ಹೋದರು. ಕಂಠೀರವ ಕ್ರೀಡಾಂಗಣದ ಹೊರಗೆ ಲಕ್ಷಗಟ್ಟಲೆ ಜನ ಸಾಲು ನಿಂತರು. ಆ ಸಾಲಿನಲ್ಲಿ ಒಬ್ಬರಾದರೂ ಅವರ ಕಾರಿನ ಹೆಸರು ಹೇಳಿ ಅತ್ತರಾ? ಅವರು ನಕ್ಕಿದ್ದು, ಮಾತಾಡಿಸಿದ್ದು, ಯಾರಿಗೂ ಗೊತ್ತಾಗದ ಹಾಗೆ ಕೊಟ್ಟಿದ್ದು, ಕಣ್ಣು ದಾನ ಮಾಡಿದ್ದು, ಇದನ್ನ ಹೇಳಿ ಅತ್ತರು.

ಅಪರಿಚಿತರ ಮನಸ್ಸು ಗೆಲ್ಲೋದು ಹಾಗೆ. ನಾಳೆ ಸಿಗ್ನಲ್‌ನಲ್ಲಿ ಒಂದು ಕಡೆ ಕೆಂಪು ಕಾರು, ಇನ್ನೊಂದು ಕಡೆ ತರಕಾರಿ ಗಾಡಿ ನಿಂತಿರುತ್ತೆ. ತರಕಾರಿ ಗಾಡಿ ಅರ್ಧ ನಿಮಿಷ ತಡ ಮಾಡಿದರೆ ಹಾರ್ನ್ ಮೇಲೆ ಕೈ ಇಡೋ ಮೊದಲು ಒಂದು ಸಲ ಯೋಚನೆ ಮಾಡಿ, ಕೆಂಪು ಕಾರು ತಡ ಮಾಡಿದ್ದರೆ ನಾನು ಹೊಡೀತಿದ್ದೆನಾ ಅಂತ. ಇಲ್ಲ ಅನ್ನೋದಾದರೆ, ಇಲ್ಲೂ ಬೇಡ.